ಪೋಣಿಸಿಟ್ಟ ಸೂಜಿಗಳು

ಸೋಮವಾರ ಏಳೂವರೆಗೆ, ಖಾಲಿ ಹೊಟ್ಟೆಯಲ್ಲಿ ಬರಬೇಡಿ,
ಎಂದರು ಫೋನಿನಲ್ಲಿ.
ಗೊತ್ತು ಎಂದೆ.
ನಾಲ್ಕು ವರ್ಷದ ಹಿಂದೆ ಇದೇ ಗೋಡೆಗೆ ಒರಗಿ
ಪೆನ್ನು ಹುಡುಕುತ್ತ ಕೈ ನಡುಗಿತ್ತು.
ಈ ಸಲ ಬರೆದುಕೊಳ್ಳಲೇ ಇಲ್ಲ.

ಹೋಯಿತೆಂದು ಅಗುಳಿ ಹಾಕಿ ತಿರುಗಿದರೆ
ಗವಾಕ್ಷಿಯಲ್ಲಿ ಕಾಲು ಇಳಿಬಿಟ್ಟು ಕೂತಿದೆ.
ಯಕೃತ್ತಿನಲ್ಲಿ ಎರಡು ಚುಕ್ಕಿ.
ಡಾಕ್ಟರು ಬೆರಳಿಟ್ಟು ತೋರಿಸಿದಳು,
ಹೊಸ ಬಟ್ಟೆಯ ಎಣ್ಣೆಕಲೆ ತೋರಿಸುವ ಗಿರಾಕಿಯ ಹಾಗೆ.
ನನಗೋ, ಕ್ಷಮೆ ಕೇಳಬೇಕು ಅನ್ನಿಸಿಬಿಟ್ಟಿತು.

ಪಾಯ್ಸಾಂಡುವಿನಲ್ಲಿ ಫೆಬ್ರವರಿ ಮುಗಿಯುತ್ತಿದೆ,
ಬೇಸಿಗೆ ಇನ್ನೂ ನದಿಯ ಮೇಲೆ ಮಲಗಿದೆ.
ಮಾರ್ಚಿಗೆ ಶಾಲೆ.
ಈ ಓಣಿಯ ಮಕ್ಕಳ ಬಿಳಿ ನಿಲುವಂಗಿಗಳೆಲ್ಲ
ನನ್ನ ಮೇಜಿನಿಂದಲೇ ಎದ್ದು ಹೋಗಬೇಕು
ಕೊರಳಿಗೆ ನೀಲಿ ರಿಬ್ಬನ್ನು ಕಟ್ಟಿಕೊಂಡು.
ಇನ್ನೂ ಹನ್ನೊಂದು ಬಾಕಿ.

ಬುಧವಾರ ಕೊರಳೆಲುಬಿನ ಕೆಳಗೆ
ಮತ್ತೆ ಪೋರ್ಟು ಕೂರಿಸಿದರು, ಕೋಟಿನ ಗುಂಡಿಯಷ್ಟು.
ನಾಲ್ಕು ಹೊಲಿಗೆ. ಕನ್ನಡಿಯಲ್ಲಿ ನೋಡಿದೆ:
ಅಂತರ ಸಮ ಇಲ್ಲ, ಗಂಟು ಪರವಾಗಿಲ್ಲ.
ಹುಳುಕು ಹಲ್ಲು ತುಂಬಿಸಿಕೊಂಡೆ,
ಬಾಯಿ ಹುಣ್ಣಾದ ಮೇಲೆ ಯಾರೂ ಮುಟ್ಟುವುದಿಲ್ಲ.
ಕೂದಲನ್ನು ನಾನೇ ಕತ್ತರಿಸಿಕೊಂಡೆ,
ಅಡುಗೆಮನೆಯ ಕತ್ತರಿಯಲ್ಲಿ, ಕೋಳಿಯ ಕಾಲು ಕತ್ತರಿಸುವುದರಲ್ಲಿ.
ಬಟ್ಟೆಯ ಕತ್ತರಿಗೆ ಕೂದಲು ತೋರಿಸಬಾರದು,
ಹರಿತ ಹೋಗುತ್ತದೆ.
ಕೆಲಸ ಕಲಿಯಲು ಬಂದ ಹುಡುಗಿಯರಿಗೆಲ್ಲ ಬೈದವಳು ನಾನು.

ವಿಲ್ಮಾರ್ ಸಂತೆಯಿಂದ ಇನ್ನೊಂದು ಕೊಳವೆ ತಂದ,
ನನ್ನದಕ್ಕೆ ಕೆಂಪು ದಾರ ಸುತ್ತಿದ, ಗುರುತಿಗೆ.
ಮೂವತ್ತಮೂರು ವರ್ಷ
ಮಾಟೆಯ ಒಂದೇ ಸೋರೆಬುರುಡೆ, ಒಂದೇ ಕೊಳವೆ.
ಎಂಜಲೆಂಬ ಮಾತೇ ಈ ಮನೆಯಲ್ಲಿರಲಿಲ್ಲ.
ಬಿಳಿ ರಕ್ತಕಣ ಎಣಿಸುವವರು ಬಂದು ಕಲಿಸಿದರು.
ಈಗ ಅಂಗಳದಲ್ಲಿ ಎದುರುಬದುರು ಕೂತು
ಅವನದನ್ನು ಅವನು, ನನ್ನದನ್ನು ನಾನು,
ಬಸ್‌ಸ್ಟ್ಯಾಂಡಿನ ಅಪರಿಚಿತರ ಹಾಗೆ.

ಪಕ್ಕದ ಮನೆಯ ಎಲ್ವೀರಾ ಬಂದು
ನೀನು ಹೋರಾಟಗಾರ್ತಿ, ಸುಲ್ಮಾ, ಎಂದಳು.
ನಾನು ದರ್ಜಿ ಎಂದೆ.
ಹೊಲಿಗೆ ಬಿಟ್ಟರೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ.
ಬಿಚ್ಚಿ ಹೊಲಿದಲ್ಲಿ ಹಳೆಯ ತೂತು
ಬೆಳಕಿಗೆ ಹಿಡಿದರೆ ಕಾಣುತ್ತದೆ.
ಅದನ್ನು ಹೇಳಲಿಲ್ಲ.

ಹೋದ ಸಲ ಆರು ಅಂದಿದ್ದರು.
ಆರು ಮುಗಿಸಿ ಮನೆಗೆ ಬಂದಿದ್ದೆ.
ಈ ಸಲ ಎಷ್ಟು ಎಂದು ಕೇಳಿದೆ.
ನೋಡೋಣ, ಎಂದಳು ಡಾಕ್ಟರು,
ಒಳ್ಳೆಯ ಹುಡುಗಿ, ಉಗುರು ಕಚ್ಚಿ ಕಚ್ಚಿ ಮೊಂಡಾಗಿವೆ.
ಅಳತೆ ಕೇಳದೆ
ನಾನು ಯಾವತ್ತೂ ಬಟ್ಟೆಗೆ ಕತ್ತರಿ ಹಾಕಿದವಳಲ್ಲ.

ಭಾನುವಾರ ರಾತ್ರಿ. ಹನ್ನೊಂದರಲ್ಲಿ ಎರಡು ಉಳಿದಿವೆ.
ಅವು ಹಾಗಿರಲಿ.
ಹೋದ ಸಲ ನಾಲ್ಕನೆಯದಾದ ಮೇಲೆ
ಬೆರಳತುದಿಗಳು ಹೇಳದೆ ಕೇಳದೆ ಎದ್ದು ಹೋದವು.
ಸೂಜಿ ಚುಚ್ಚಿದ್ದು ತಿಳಿದದ್ದು
ಬಿಳಿ ಬಟ್ಟೆಯ ಮೇಲೆ ಕೆಂಪು ಮೂಡಿದಾಗ.
ಈಗ ಇವೆ, ಹತ್ತೂ ಇವೆ,
ದಾರದ ತುದಿಯ ಒದ್ದೆ, ಲೋಹದ ತಂಪು
ಹೇಳುತ್ತಿವೆ ನನಗೆ.
ವಿಲ್ಮಾರನ ಕಣ್ಣಿಗೆ ಸೂಜಿಯ ಕಣ್ಣು ಕಾಣದು.
ಹಾಗಾಗಿ ಪೋಣಿಸಿಡುತ್ತಿದ್ದೇನೆ,
ಒಂದೊಂದೇ, ಬಿಳಿ ದಾರ, ಮೊಳದುದ್ದ,
ಮೆತ್ತೆಗೆ ಚುಚ್ಚಿ.

ನಲವತ್ತಕ್ಕೆ ನಿಲ್ಲಿಸೋಣ ಅಂದುಕೊಂಡಿದ್ದೆ.
ನಲವತ್ತೊಂದನೆಯದಕ್ಕೆ ದಾರ
ಒಂದೇ ಸಲಕ್ಕೆ ಹೊಕ್ಕಿತು.
ಒಳಗಿನಿಂದ ಕೂಗುತ್ತಾನೆ, ಬೆಳಿಗ್ಗೆ ಬೇಗ ಏಳಬೇಕು.

ಇದೊಂದು, ಎನ್ನುತ್ತೇನೆ.