ಹೆಣ್ಣಾಳು ೭

ಹಾಳೆಗೆ ಎರಡೂವರೆ ರೂಪಾಯಿ.
ಹರಿದದ್ದಾದರೂ ಅಷ್ಟೇ, ಹುಳ ತಿಂದದ್ದಾದರೂ ಅಷ್ಟೇ.
ಕಾರವಾರದ ದಫ್ತರಖಾನೆಯಲ್ಲಿ ಬಡಗಣ ಕಿಟಕಿ ನನ್ನದು.
ಪಡುವಣ ಕಿಟಕಿಗೆ ಮೊಳೆ ಹೊಡೆದಿದ್ದಾರೆ:
ಸಮುದ್ರಕ್ಕೆ ಓದಲು ಬಾರದು, ನೆಕ್ಕಲು ಬರುತ್ತದೆ.

ಅಪ್ಪ ಕೋಡಿಬಾಗದಲ್ಲಿ ಇಗರ್ಜಿಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ.
ಅವನ ಎಲುಬಿನ ಮಡಿಕೆಗೋಲು ಈಗ ನನ್ನ ಕೈಲಿ.
ಗಂಜಿ ನಾನೇ ಕಾಸುತ್ತೇನೆ. ಅಕ್ಕಿಹಿಟ್ಟು, ಚಿಟಿಕೆ ಮೈಲುತುತ್ತ.
ತುತ್ತ ಹೆಚ್ಚಾದರೆ ಕಾಗದ ಹಸಿರುಗಟ್ಟುತ್ತದೆ,
ಕಡಿಮೆಯಾದರೆ ಜಿರಲೆಗಳಿಗೆ ಊಟ.

ಈ ವರ್ಷ ಬಂದದ್ದು ನಾಡಕರ್ಣಿ ಮನೆತನದ ಹನ್ನೊಂದು ರುಮಾಲು.
ಕೆಂಪು ಬಟ್ಟೆ ಬಿಚ್ಚಿದರೆ ಒಣಸಿಗಡಿಯ ವಾಸನೆ.
ಅಘನಾಶಿನಿಯ ಹಿನ್ನೀರ ಗಜನಿ, ಕಗ್ಗದ ಗದ್ದೆ,
ಜಂತ್ರಡಿಯ ಮೀನಿನ ಹರಾಜು,
ಗೇಣಿ ಇಷ್ಟು ಖಂಡುಗ, ಬಾಕಿ ಇಷ್ಟು ಕೊಳಗ,
ದೀಪದೆಣ್ಣೆ ಆರು ಪೈ.
ಅಕ್ಕಿಯ ಲೆಕ್ಕಕ್ಕೆ ಅಕ್ಕಿಯ ಅಂಟು. ನಗು ಬರುತ್ತದೆ ಒಮ್ಮೊಮ್ಮೆ.

ಬರೆದವನು ಯಾರೋ ಶಾನಭೋಗ. ತನ್ನ ಹೆಸರು ಎಲ್ಲೂ ಬರೆದಿಲ್ಲ.
ಆದರೂ ಅವನ ಳಕಾರದ ಬಾಲ ನನಗೆ ಗೊತ್ತು,
ಶಾಯಿ ತೀರುವಾಗ ಅವನು ನೀರು ಬೆರೆಸುವುದೂ ಗೊತ್ತು.
ಒಂದು ಅಂಚಿನಲ್ಲಿ: 'ರಾತ್ರಿ ಉಬ್ಬರಕ್ಕೆ ಕಟ್ಟು ಒಡೆಯಿತು. ಲೆಕ್ಕ ನಾಳೆ.'
ಮರುದಿನದ ಹಾಳೆಯಲ್ಲಿ: 'ಮಗುವಿಗೆ ಎರಡು ಹಲ್ಲು.'
ಅದರ ಕೆಳಗೆ
ವಿಕೃತಿ ಸಂವತ್ಸರ, ಮಾರ್ಗಶಿರ ಬಹುಳ ತದಿಗೆ, ಕಟ್ಟು ಕಟ್ಟಿದ ಕೂಲಿ:
ಬೊಮ್ಮು ಗೌಡ, ತಿಮ್ಮು ಗೌಡ, ಗಣಪು ಗೌಡ, ತಲಾ ಎರಡು ಸೇರು.
ಹೆಣ್ಣಾಳು ೭. ಒಟ್ಟು ಏಳು ಸೇರು.

ಬುಧವಾರ ಕುಮಟೆಯ ಕಡೆಯಿಂದ ಕುಸಲಿ ಗೌಡ ಬಂದರು,
ಕೊರಳ ತುಂಬ ಕರಿಮಣಿ, ಪ್ಲಾಸ್ಟಿಕ್ ಚೀಲದಲ್ಲಿ ವಕೀಲರ ಚೀಟಿ.
ಗದ್ದೆ ಈಗ ಯಾರದೋ ಸಿಗಡಿ ಕೆರೆ;
ಕಟ್ಟು ತಮ್ಮವರದೆಂದು ತೋರಿಸುವ ಹಳೇ ಕಾಗದ ಬೇಕಂತೆ.
ಓದಿ ಹೇಳಿದೆ. ಗಂಡಸರ ಹೆಸರಿಗೆ ತಲೆಯಾಡಿಸಿದರು.
ಏಳರ ಬಳಿ ಬಂದಾಗ 'ಎಲ್ಲಿ, ತೋರ್ಸು' ಎಂದರು.
ಬೆರಳು ಇಡಬಾರದೆಂದು ಹೇಳುವುದರೊಳಗೆ ಇಟ್ಟಾಗಿತ್ತು.

'ನಮ್ಮವ್ವಿಯ ಅಜ್ಜಿ ಇದ್ರಲ್ಲಿ ಅದೆ.
ಮಣ್ಣಿನ ಬುಟ್ಟಿ ಹೊತ್ತು ಸೊಂಟ ಬಿದ್ದೋಗಿತ್ತಂತೆ.'
ಆಮೇಲೆ ಏಳೂ ಹೆಸರು ಹೇಳಿದರು,
ನಾಟಿಯ ಸಾಲಿನಂತೆ, ಉಸಿರು ಎಳೆಯದೆ.
ಹೂಂ ಅಂದೆ. ಕೈಯಲ್ಲಿ ಗಂಜಿ ಇತ್ತು.
ನಕಲಿಗೆ ಅರ್ಜಿ, ಅರ್ಜಿಗೆ ಸ್ಟಾಂಪು,
ಸ್ಟಾಂಪು ಮಾರುವವನು ಊಟಕ್ಕೆ ಹೋಗಿದ್ದ.
ಮೂರೂ ಕಾಲರ ಬಸ್ಸಿಗೆ ಅವರು ಹೊರಟುಬಿಟ್ಟರು.

ಗೋಡೆಯ ಮೇಲಿದೆ: ಮೂಲಕ್ಕೆ ಏನನ್ನೂ ಸೇರಿಸಕೂಡದು.
ಸಂಜೆ ಆ ಹಾಳೆಯ ತೂತಿಗೆ ತೇಪೆ ಕೊಟ್ಟೆ.
ತೇಪೆ ಮೂಲವಲ್ಲ, ಅದು ನನ್ನದು, ಎಂದುಕೊಂಡು
ಪೆನ್ಸಿಲ್ ಚೂಪು ಮಾಡಿದೆ.
ಮಂಕಾಳಿ. ಸಣ್ಣು. ಬೀರಿ. ಗಿಡ್ಡಿ. ಹಮ್ಮಿ.
ಮುಂದೆ?
ಫ್ಯಾನು ನಿಲ್ಲಿಸಿ ಕೇಳಿದೆ. ಕಣ್ಣು ಮುಚ್ಚಿ
ಅವರ ಕರಿಮಣಿಯ ಸದ್ದಿನಿಂದ ಮತ್ತೆ ಶುರುಮಾಡಿದೆ.
ಐದೇ.
ಅವರವ್ವಿಯ ಅಜ್ಜಿ ಈ ಐದರಲ್ಲೋ, ಆ ಎರಡರಲ್ಲೋ?

ಮೂರು ತಿಂಗಳಿಂದ ಆ ಶಾನಭೋಗನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ.
ಅವನ ಮಗುವಿಗಾದರೂ ಹಲ್ಲು ಬರುತ್ತಿತ್ತು,
ಕಟ್ಟು ಒಡೆದು ರಾತ್ರಿಯ ನಿದ್ದೆ ಕೆಟ್ಟಿತ್ತು.
ನನಗೇನಾಗಿತ್ತು?

ಪೆನ್ಸಿಲ್ ಒಳಗಿಟ್ಟೆ. ತೇಪೆ ಬೆಳ್ಳಗೆ ಒಣಗುತ್ತಿತ್ತು.
ಕುಮಟೆಗೆ ಮೊದಲ ಬಸ್ಸು ಎಷ್ಟಕ್ಕೆಂದು ಸಿಪಾಯಿಯನ್ನು ಕೇಳಿದರೆ
'ಓ ಪಾಸ್ಕು, ರಜೆಯ ಅರ್ಜಿ ಬರೆದಿಟ್ಟು ಹೋಗು' ಎಂದ.
ಬರೆದೆ. ಹೆಸರು, ತಾರೀಖು, ದಿನ ಒಂದು.
ಕಾರಣ ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು.
ಸ್ವಂತ ಕೆಲಸ, ಎಂದು ಬರೆದೆ.