ನೀಲಿ ಕೈ

ಕೌಲ್‌ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ
ನಾನು ಜೇಬು ಹೊಲಿಯುವವನು.
ಗಾದಿಲಿಂಗ ಜಿಪ್ಪು. ಹೊನ್ನೂರ ಬಣ್ಣದ ತೊಟ್ಟಿ,
ಅವನ ಕೈ ಮೊಣಕೈತನಕ ನೀಲಿ,
ಯಾವ ಸೋಪಿಗೂ ಜಗ್ಗದ್ದು.

ಅಮಾಸಿಗೆ ಮಿಷನ್ನಿಗೆ ಪೂಜೆ, ಕೆಲಸ ಬಿಡುವು.
ಕಾಯಿ ಒಡೆಸಿ ಓನರು ಹೋದಮೇಲೆ
ಮಾಳಿಗೆ ಮೇಲೆ ನಾವು ಏಳು ಮಂದಿ:
ಅದಿರು ಲಾರಿಯವನು, ಸಾಲಿ ಮಾಸ್ತರು,
ಹೆಂಡತಿ ಮಕ್ಕಳಿರುವ ಎರ್ರಿಸ್ವಾಮಿ,
ಅವನು ಮೆಟ್ಟಿಲ ಹತ್ತಿರವೇ ಕೂರುತ್ತಾನೆ, ಚಪ್ಪಲಿ ಬಿಚ್ಚದೆ.

ಒಗ್ಗರಣೆ, ಮಿರ್ಚಿ, ಯಾರು ಯಾರಿಗೆ ಮನಸೋತರೆಂಬ ಸುದ್ದಿ:
ಅಷ್ಟೇ ಇತ್ತು ಮೊದಲು.
ಹನ್ನೊಂದು ವರ್ಷದ ಗೆಳೆಯನ ಮಣ್ಣಿಗೆ
ಮಾಸ್ತರನ್ನು ಬೀದಿಯ ಆಚೆಯೇ ನಿಲ್ಲಿಸಿದರಲ್ಲ,
ಆ ಅಮಾಸಿ ಹೊನ್ನೂರ ತಾತನ ಏಕತಾರಿ ತಂದ.

"ಒಂದೇ ತಂತಿ. ಇದಕ್ಕೆ ಜೋಡಿ ಯಾರಲೇ?" ಅಂದ ಗಾದಿಲಿಂಗ.
"ಬೆರಳು."

ನೀಲಿ ಬೆರಳು ಮೀಟಿತು.
ಪದ ಯಾರಿಗೂ ಪೂರ್ತಿ ಬಾರದು;
ಮರೆತಲ್ಲೆಲ್ಲ ಮಾಸ್ತರು ಗೆಳೆಯನ ಹೆಸರು ಹಾಕಿದರು,
ಹೆಸರು ಹಿಡಿದು ಅತ್ತರು, ಗಟ್ಟಿಯಾಗಿ.
ಎದುರಿಗೆ ಕೋಟೆಯ ಒಂಟಿಬಂಡೆ
ಹಗಲಿನ ಕಾವು ಇನ್ನೂ ಬಿಟ್ಟಿರಲಿಲ್ಲ.

ಗುಡಿಗೆ ಹೋದಾಗಲೆಲ್ಲ ನಾನು
ಚಪ್ಪಲಿ ಜೊತೆ ಅರ್ಧ ನನ್ನನ್ನೂ
ಹೊರಗೆ ಬಿಟ್ಟು ಹೋಗುತ್ತಿದ್ದೆ.
ಇಲ್ಲಿ ಚಪ್ಪಲಿ ಮಾತ್ರ ಬಿಟ್ಟೆ.

ಮರುದಿನ ಬಸ್ಸಿನಲ್ಲಿ ಮುದುಕಿಯೊಬ್ಬಳು:
"ಏನಪಾ ಈ ಕೈ, ತೊಳಕೊಳ್ಳಾಕ ಬರಂಗಿಲ್ಲೇನು?"
ಮೊದಲಾದರೆ ಹೊನ್ನೂರ ಜೇಬಿಗಿಳಿಸುತ್ತಿದ್ದ,
ನಾನು ಹೊಲಿದ ಜೇಬಿಗೆ.
ಅವತ್ತು ಮೇಲಿನ ಕಂಬಿ ಹಿಡಿದೇ ನಿಂತ.
"ಹೋಗಂಗಿಲ್ಲ ಬೇ, ಇದು ನನ್ನ ಬಣ್ಣ."
ಮುದುಕಿ ಕಿಟಕಿ ಕಡೆ ತಿರುಗಿದಳು.

ಹೋದ ಅಮಾಸಿ ಎರ್ರಿಸ್ವಾಮಿ ಚಪ್ಪಲಿ ಬಿಚ್ಚಿದ,
ಒಂದೇ ಕಾಲಿನದು.