ಕಟಕ್

ಪೆಡಲಿನಲ್ಲೆಲ್ಲೋ ಕಟಕ್, ಕಟಕ್.
ಮೂರು ವಾರ ಕೇಳಿಸಿಕೊಂಡೆ. ರೋಣೂರು ಕ್ರಾಸಿನ ನಾಯಿಗೂ
ಟಪಾಲು ಬಂತೆಂದು ಅದರಿಂದಲೇ ಗೊತ್ತಾಗುತ್ತಿತ್ತು.

ಹೊಸ ಅಂಗಡಿಯವನು ಕುರ್ಚಿ ಹಾಕಿದ, ತಣ್ಣನೆ ನೀರು ಕೊಟ್ಟ,
ಮೇಡಂ ಮೇಡಂ ಅನ್ನುತ್ತಲೇ
ಚೈನು, ಪೆಡಲು, ಬೇರಿಂಗು ಬದಲಿಸಿ
ಒಂಬೈನೂರ ನಲವತ್ತಕ್ಕೆ ಚೀಟಿ ಹರಿದ.
ಬಸ್‌ಸ್ಟ್ಯಾಂಡು ದಾಟುವಷ್ಟರಲ್ಲಿ
ಕಟಕ್.

ಶ್ರೀನಿವಾಸಪುರದ ಮಾವಿನ ಮಂಡಿ ಎದುರು ನ್ಯಾಮತಣ್ಣನ ಅಂಗಡಿ.
ಕೂರಲು ಒಂದು ಟೈರು, ಅದೂ ಯಾರದೋ.
ನಮಸ್ಕಾರ ಅಂದರೆ ಸ್ಪೋಕಿನ ಕಡೆ ನೋಡಿ ಹೂಂ ಅನ್ನುವ ಮನುಷ್ಯ.
ಹೇಳಿದೆ. ಕೇಳಿದನೋ ಇಲ್ಲವೋ,
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ
ನನ್ನ ಸೈಕಲ್ಲು ಹತ್ತಿ ಹೋಗೇಬಿಟ್ಟ.

ಹತ್ತು ನಿಮಿಷ. ಹುಡುಗ ಬೋಗುಣಿಯಲ್ಲಿ ಅದುಮಿದ ಟ್ಯೂಬು
ಒಂದೊಂದೇ ಗುಳ್ಳೆ ಬಿಡುತ್ತಿತ್ತು.

ಬಂದ. ‘ಇದರಲ್ಲೇನೂ ಇಲ್ಲ. ನೀನು ತುಳಿ.’
ಸ್ಟ್ಯಾಂಡು ಹಾಕಿ ನನ್ನ ಹತ್ತಿಸಿ
ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದ.
‘ಸದ್ದು ಮಂಡಿಯಿಂದ ಬರ್ತಾ ಇದೆ.’
ತಿರುಗಿ ರಸ್ತೆಯಾಚೆ ನೋಡಿದೆ:
ಕ್ರೇಟು, ತೋತಾಪುರಿ ರಾಶಿ, ಹರಾಜಿನ ಕೂಗು.
‘ಆ ಮಂಡಿ ಅಲ್ಲಮ್ಮ.’
ಸ್ಪ್ಯಾನರು ತೋರಿಸಿತು. ‘ನಿಂದು. ಬಲಗಡೇದು.’

ಹುಡುಗ ನಕ್ಕ. ನಾನೂ.
ಅವನು ಸೀಟು ಎರಡು ಬೆರಳು ಏರಿಸಿ ನಟ್ಟು ಬಿಗಿದ:
‘ಇಷ್ಟು ತಗ್ಗಲ್ಲಿ ಎಷ್ಟು ವರ್ಷದಿಂದ ತುಳೀತಿದ್ದೀಯ?
ಯಾರೂ ಹೇಳಲಿಲ್ವಾ?’

ಕೆಲಸಕ್ಕೆ ಸೇರಿದ ದಿನ ತಗ್ಗಿಸಿದ್ದು ನಾನೇ,
ಎರಡೂ ಕಾಲು ನೆಲಕ್ಕೆ ಎಟುಕಲೆಂದು,
ಬಿದ್ದರೆ ಜನರ ಕಾಗದ ಕೆಸರಾದೀತೆಂದು.
ಇಪ್ಪತ್ತೆರಡು ವರ್ಷ. ಹೇಳಲಿಲ್ಲ.

ಗಾಳಿಗೆ ಮಾತ್ರ ಐದು ರೂಪಾಯಿ.
ನೂರರ ನೋಟು ಚಾಚಿದ್ದಕ್ಕೆ ಬೈದೇ ಬೈದ.

ಯಲ್ದೂರು ರಸ್ತೆಯ ಏರಿನಲ್ಲಿ ಈಗಲೂ ಕಟಕ್ ಅನ್ನುತ್ತದೆ.
ಸೈಕಲ್ಲಿಗೆ ಬೈಯುವುದು ಬಿಟ್ಟಿದ್ದೇನೆ.